ಇನ್ನೊಂದು ಕೈಯ ಕತ್ತಿ

ನನ್ನ ಗಂಡನಿಗೆ ಕುಡಿತ ಇಲ್ಲ, ಇಸ್ಪೀಟು ಇಲ್ಲ, ಗುಟ್ಕಾ ಇಲ್ಲ. ಮದುವೆಗೆ ಮೊದಲು ನಮ್ಮ ತವರಿನವರು ಇದನ್ನೆಲ್ಲ ನಾಲ್ಕು ಕಡೆ ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಆದರೆ ಹುಡುಗನ ಹತ್ತಿರ ಒಂದು ಚೀಲ ತುಂಬ ದಾಳಗಳಿವೆಯೇ ಎಂದು ಕೇಳಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಸಿಂದಗಿಗೆ ಬಂದ ಹೊಸದರಲ್ಲಿ ಅಲಮಾರು ಒರೆಸುವಾಗ ಆ ಚೀಲ ನನ್ನ ಕೈಗೆ ಸಿಕ್ಕಿತು. ನಾಲ್ಕು ಮುಖದ ದಾಳ, ಎಂಟು ಮುಖದ ದಾಳ, ಇಪ್ಪತ್ತು ಮುಖದ ದಾಳ, ಎಲ್ಲ ಬಣ್ಣಬಣ್ಣದವು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಘನಾಕೃತಿಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ಸಿಗದು ಎಂದು ಒಂದು ಗಳಿಗೆ ಖುಷಿಯಾಯಿತು. ಮರುಗಳಿಗೆಗೆ, ಅಯ್ಯೋ ಶಿವನೆ, ಜೂಜುಕೋರನಿಗೆ ಕೊಟ್ಟುಬಿಟ್ಟರಲ್ಲ ನನ್ನನ್ನು ಎಂದು ಎದೆ ಧಸಕ್ಕೆಂದಿತು.

ಬೀಜ, ಗೊಬ್ಬರದ ಅಂಗಡಿ ಮುಚ್ಚಿ ಮನೆಗೆ ಬಂದ ನಮ್ಮವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದೆ. ಅವರು ನಕ್ಕರು. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಕಲಿತ ಆಟವಂತೆ. ಒಬ್ಬ ಕಥೆ ಹೇಳುತ್ತಾನೆ. ಪಾಳು ಕೋಟೆ, ಅದರೊಳಗೆ ನೆಲಮಾಳಿಗೆ, ಅಲ್ಲೊಂದು ಭೂತ, ಹೀಗೆ. ಉಳಿದವರು ಆ ಕಥೆಯೊಳಗೆ ಒಂದೊಂದು ವೇಷ ತೊಟ್ಟುಕೊಂಡು ಕೂರುತ್ತಾರೆ. ಒಬ್ಬ ಕಳ್ಳ, ಒಬ್ಬಳು ಮಾಟಗಾತಿ, ಒಬ್ಬ ಸಿಪಾಯಿ. ಬಾಗಿಲು ಒದೆಯುತ್ತೇನೆ ಎಂದು ಹೇಳಿ ದಾಳ ಉರುಳಿಸಿದರೆ, ದೊಡ್ಡ ಅಂಕಿ ಬಿದ್ದರೆ ಬಾಗಿಲು ಮುರಿಯುತ್ತದೆ, ಸಣ್ಣ ಅಂಕಿ ಬಿದ್ದರೆ ಕಾಲು ಮುರಿಯುತ್ತದೆ. ದುಡ್ಡಿಲ್ಲ, ಗೆಲುವಿಲ್ಲ, ಸೋಲಿಲ್ಲ. ತಿಂಗಳುಗಟ್ಟಲೆ ನಡೆಯುತ್ತದೆ. ದೊಡ್ಡವರು ಮನೆಯಾಟ ಆಡುವುದು ಅನ್ನಿ ಅಂದೆ. ಅವರಿಗೆ ಸಿಟ್ಟು ಬಂತು. ಮುಂದಿನ ಭಾನುವಾರ ನಾನೂ ಆಡಲು ಕೂತೆ.

ಹಾಗೆ ಶುರುವಾದದ್ದು ವರ್ಷಗಳಿಂದ ನಡೆದು ಬಂದಿದೆ. ಇಂಡಿಯಲ್ಲಿ ನಿಂಬೆಯ ತೋಟ ಮಾಡಿಕೊಂಡಿರುವ ನಮ್ಮವರ ಹಾಸ್ಟೆಲ್ ಗೆಳೆಯ ಒಬ್ಬರು ಬರುತ್ತಾರೆ. ಬಸವನ ಬಾಗೇವಾಡಿಯಿಂದ ದನದ ಡಾಕ್ಟರಾಗಿರುವ ಹೆಣ್ಣುಮಗಳು ಬರುತ್ತಾಳೆ. ಅಂಗಡಿಗೆ ಏನೋ ಔಷಧಿ ಕೇಳಲು ಬಂದವಳು ಕೌಂಟರಿನ ಮೇಲೆ ದಾಳ ನೋಡಿ, ಇದು ಆ ಆಟವೇ ಎಂದು ಕೇಳಿ ಗಂಟುಬಿದ್ದಳು. ತಿಂಗಳಿಗೊಂದು ಭಾನುವಾರ, ಒಮ್ಮೆ ನಮ್ಮ ಮನೆ, ಒಮ್ಮೆ ಇಂಡಿ, ಒಮ್ಮೆ ಬಾಗೇವಾಡಿ. ನಿಂಬೆಯವರದು ಕಳ್ಳನ ವೇಷ, ನಿಜ ಜೀವನದಲ್ಲಿ ಸಂತೆಯ ತೂಕದವನು ಮೋಸ ಮಾಡಿದರೂ ತುಟಿ ಬಿಚ್ಚದ ಮನುಷ್ಯ. ಡಾಕ್ಟರು ಮಾಟಗಾತಿ, ಆದರೆ ತೋಳ ಬರಲಿ, ಡ್ರ್ಯಾಗನ್ ಬರಲಿ, ಪ್ರಾಣಿಯನ್ನು ಕೊಲ್ಲಲು ಒಪ್ಪುವುದಿಲ್ಲ, ಮೊದಲು ಜ್ವರ ನೋಡೋಣ ಅನ್ನುತ್ತಾಳೆ. ನಾನು ದೊಡ್ಡ ಕೊಡಲಿ ಹಿಡಿದವಳು. ಶಾಲೆಯಲ್ಲಿ ಕೈ ಎತ್ತುವ ಹಾಗಿಲ್ಲ, ಸರಕಾರದ ಆದೇಶವಿದೆ. ಕೋಟೆಯ ನೆಲಮಾಳಿಗೆಯಲ್ಲಿ ಆದೇಶವಿಲ್ಲ.

ನಮ್ಮವರಿಗೆ ಕಥೆ ಹೇಳುವ ಕೆಲಸ. ಆಟದ ಪುಸ್ತಕ ಇಂಗ್ಲಿಷಿನಲ್ಲಿದೆ. ಅದನ್ನು ಅವರು ಬಾಯಲ್ಲೇ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಾರೆ. ನಿಯಮ ಅಂದರೆ ಅವರಿಗೆ ನಿಯಮ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಅಂಗಡಿಯಲ್ಲಿ ಬೀಜದ ಪಾಕೀಟಿನ ಮೇಲೆ ಬರೆದದ್ದನ್ನು ರೈತರಿಗೆ ಎರಡೆರಡು ಸಲ ಓದಿ ಹೇಳಿದಂತೆಯೇ ಇಲ್ಲಿಯೂ.

ನನ್ನ ನಾದಿನಿ ಈ ಆಟಕ್ಕೆ ಬಂದದ್ದು ಬಹಳ ತಡವಾಗಿ. ನಮ್ಮವರಿಗೆ ಒಬ್ಬಳೇ ತಂಗಿ. ಮುದ್ದೇಬಿಹಾಳದಲ್ಲಿ ಅವಳ ಗಂಡನ ಮನೆ, ಅಲ್ಲಿಯೇ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಕೆಲವು ವರ್ಷಗಳ ಹಿಂದೆ ಸ್ಕೂಟಿಯ ಮೇಲೆ ನಾಲತವಾಡದಿಂದ ಬರುವಾಗ ರಸ್ತೆಯ ಮೇಲೆ ರಾಶಿಗೆಂದು ತೊಗರಿ ಹರವಿದ್ದರು. ನಮ್ಮ ಕಡೆ ಗಾಡಿಗಳ ಗಾಲಿಯೇ ಒಕ್ಕಣೆ ಮಾಡಬೇಕು, ಗೊತ್ತಲ್ಲ. ಗಾಲಿ ಜಾರಿ ಬಲ ಭುಜದ ಮೇಲೆ ಬಿದ್ದಳು. ಮೂಳೆ ಕೂಡಿಕೊಂಡಿತು, ನರ ಕೂಡಿಕೊಳ್ಳಲಿಲ್ಲ. ಸೊಲ್ಲಾಪುರ, ಮಿರಜ ಎಲ್ಲ ಆಯಿತು. ಬಲಗೈ ಇದೆ, ಬೆಚ್ಚಗೂ ಇದೆ, ಬಳೆಯನ್ನೂ ಹಾಕಿಕೊಳ್ಳುತ್ತದೆ. ಆದರೆ ಒಂದು ಲೋಟ ಎತ್ತುವುದಿಲ್ಲ.

ಅವಳು ಹಟಮಾರಿ. ಆರು ತಿಂಗಳಲ್ಲಿ ಎಡಗೈಯಲ್ಲಿ ಬರೆಯುವುದು ಕಲಿತಳು. ಕಂಪ್ಯೂಟರ್ ಕಲಿತಳು. ಸೀರೆ ಬಿಟ್ಟು ಚೂಡಿದಾರಕ್ಕೆ ಬಂದಳು. ಎಡಗೈಯಲ್ಲಿ ಬರೆದರೆ ಜನ ಎಷ್ಟು ಶಾಣ್ಯಾಕಿ ಎಂದು ಬೆನ್ನು ತಟ್ಟಿದರು. ಆದರೆ ಎಡಗೈಯಲ್ಲಿ ಉಣ್ಣುವುದು ಬೇರೆ ಮಾತು. ಅದನ್ನು ಯಾರೂ ಬೇಡ ಅನ್ನಲಿಲ್ಲ, ಅದೇ ತೊಂದರೆ. ಬೇಡ ಅಂದಿದ್ದರೆ ಜಗಳ ಮಾಡಬಹುದಿತ್ತು. ಮನೆಯವರು ಒಳ್ಳೆಯವರು, ನೀನು ಮೊದಲು ಉಂಡುಬಿಡು ಎಂದು ಅಡುಗೆಮನೆಯಲ್ಲಿ ಅವಳಿಗೊಬ್ಬಳಿಗೇ ಬಡಿಸತೊಡಗಿದರು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಮುಖವನ್ನು ಆಚೆ ತಿರುಗಿಸಿ, ನೋಡಲಿಲ್ಲವೆಂಬಂತೆ ಉಂಡರು. ಚಮಚ ಹಿಡಿದರೂ ಹಿಡಿದದ್ದು ಎಡಗೈಯೇ. ಮೆಲ್ಲಗೆ ಅವಳು ಮದುವೆ ಬಿಟ್ಟಳು, ಸೀಮಂತ ಬಿಟ್ಟಳು, ಆಫೀಸಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಟ್ಟಳು. ಎಲ್ಲಿಗೆ ಹೋದರೂ ಒಂದೇ ಮಾತು, ಉಂಡು ಬಂದೇನಿ. ತವರಿನಲ್ಲಿ, ನಮ್ಮ ಮನೆಯಲ್ಲಿ ಕೂಡ.

ನಾನು ಬಡಿಸುವವಳು. ಮನೆಮಗಳು ತವರಿಗೆ ಬಂದು ಉಣ್ಣದೆ ಹೋದರೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ ಸಾರಿನ ಪಾತ್ರೆ ಕುಕ್ಕಿ ಇಡುತ್ತಿದ್ದೆ. ಸಿಟ್ಟು ಅವಳ ಮೇಲಲ್ಲ. ಯಾರ ಮೇಲೆಂದು ನನಗೂ ಗೊತ್ತಿರಲಿಲ್ಲ. ಅದಕ್ಕೇ ಒಂದು ಭಾನುವಾರ ಅವಳನ್ನು ಆಟಕ್ಕೆ ಎಳೆದು ತಂದೆ. ಊಟಕ್ಕೆ ಅಲ್ಲ ಮಹಾರಾಯ್ತಿ, ಆಟಕ್ಕೆ ಬಾ, ಉಂಡೇ ಬಾ ಅಂದೆ. ಬಂದಳು. ಮುದ್ದೇಬಿಹಾಳದಿಂದ ಬಾಗೇವಾಡಿಯವರೆಗೆ ಬಸ್ಸು, ಅಲ್ಲಿಂದ ಡಾಕ್ಟರ ಕಾರು, ದಾರಿಯುದ್ದಕ್ಕೂ ಎಮ್ಮೆಗಳ ಗರ್ಭದ ಸಮಾಚಾರ.

ವೇಷ ಆರಿಸಿಕೊಳ್ಳುವಾಗ ಅವಳು ಪುಸ್ತಕದ ಚಿತ್ರಗಳನ್ನು ಬಹಳ ಹೊತ್ತು ತಿರುವಿದಳು. ಕೊನೆಗೆ ಎರಡೂ ಕೈಯಲ್ಲಿ ಒಂದೊಂದು ಗಿಡ್ಡ ಕತ್ತಿ ಹಿಡಿದು ನಿಂತ ಹೆಂಗಸಿನ ಚಿತ್ರದ ಮೇಲೆ ಬೆರಳಿಟ್ಟಳು. ನಮ್ಮವರು ನಿಯಮದ ಮನುಷ್ಯ, ಹೊಸಬರಿಗೆ ಅದು ಕಠಿಣ, ಢಾಲು ಕತ್ತಿ ತಗೊ ಎಂದರು. ಅವಳು ಕತ್ತೆತ್ತದೆ ಹೇಳಿದಳು.

"ಇಲ್ಲಿ ಒಂದ ಕೈಲೆ ಬದುಕಾಕತ್ತೇನಿ ಅಣ್ಣ. ಅಲ್ಲೆರ ಎರಡೂ ಕೈ ಇರಲಿ."

ನಮ್ಮವರು ಕೆಮ್ಮಿ, ಎರಡು ಕತ್ತಿಯ ನಿಯಮ ವಿವರಿಸಿದರು. ಒಂದೊಂದು ಸರದಿಗೆ ಒಂದೊಂದು ಏಟು ಎಲ್ಲರಿಗೂ. ಎರಡು ಕತ್ತಿ ಹಿಡಿದವರಿಗೆ ಮಾತ್ರ ಇನ್ನೊಂದು ಏಟು ಹೆಚ್ಚಿಗೆ. ಬಲಗೈ ಏಟಿಗೆ ದಾಳದ ಅಂಕಿಯ ಜೊತೆ ಆ ವೇಷದ ತೋಳಬಲದ ಅಂಕಿಯನ್ನೂ ಕೂಡಿಸಬೇಕು. ಎಡಗೈ ಏಟಿಗೆ ದಾಳದಲ್ಲಿ ಬಿದ್ದಷ್ಟೇ. ಬಲ ಕೂಡಿಸುವ ಹಾಗಿಲ್ಲ. ಸರಿ ಎಂದು ನಾವೆಲ್ಲ ತಲೆಯಾಡಿಸಿದೆವು. ಎಡಗೈ ಅಂದಮೇಲೆ ಅಷ್ಟೇ ಅಲ್ಲವೆ, ಇದರಲ್ಲಿ ಕೇಳುವುದೇನಿದೆ ಎಂದು ನಾನೂ ಅಂದುಕೊಂಡೆ.

ಆಟಕ್ಕೆ ಅವಳು ಚೆನ್ನಾಗಿ ಹೊಂದಿಕೊಂಡಳು. ಅವಳ ಹೆಂಗಸು ಗೋಡೆ ಹತ್ತಿದಳು, ಹಗ್ಗದ ಮೇಲೆ ಜೋಲಿ ಹೊಡೆದಳು, ನಿಂಬೆಯವರ ಕಳ್ಳನನ್ನು ಮೊಸಳೆಯ ಬಾಯಿಂದ ಎಳೆದುಕೊಂಡಳು. ಮೊಸಳೆಯನ್ನು ಕೊಲ್ಲಬಾರದೆಂದು ಡಾಕ್ಟರು ಅಡ್ಡ ಬಂದದ್ದರಿಂದ ಅದು ಇನ್ನೂ ಆ ಕೋಟೆಯ ಕಂದಕದಲ್ಲಿ ಬದುಕಿದೆ. ನಾದಿನಿ ಎಡಗೈಯಿಂದ ದಾಳ ಉರುಳಿಸುತ್ತಿದ್ದಳು. ಬಲಗೈಯನ್ನು ದುಪ್ಪಟ್ಟದ ಮರೆಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದಳು. ಪ್ರತಿ ಕಾಳಗದಲ್ಲೂ ಮೊದಲು ಬಲಗೈ ಕತ್ತಿ, ಆಮೇಲೆ ಎಡಗೈ ಕತ್ತಿ. ಎರಡನೆಯ ದಾಳ ಬಿದ್ದೊಡನೆ ನಮ್ಮವರು ಕಣ್ಣು ಮುಚ್ಚಿ ಮಗ್ಗಿ ಹೇಳಿದ ಹಾಗೆ, ಎಡಗೈ ಏಟು, ಬಲ ಇಲ್ಲ, ಅನ್ನುತ್ತಿದ್ದರು. ಪ್ರತಿ ಸರದಿಗೂ ಅದೇ ಮಾತು. ಅವರಿಗೆ ಅದು ಲೆಕ್ಕ. ಅವಳಿಗೆ ಏನಾಗಿ ಕೇಳುತ್ತಿತ್ತೋ ನಾವು ಯೋಚಿಸಲಿಲ್ಲ.

ಮಧ್ಯದಲ್ಲಿ ಚಹಾ ಬಂದರೆ ಕುಡಿಯುತ್ತಿದ್ದಳು. ಊಟದ ಹೊತ್ತಿಗೆ ಫೋನು ಬಂತೆಂದು ಅಂಗಳಕ್ಕೆ ಹೋಗುತ್ತಿದ್ದಳು.

ಕಾರ್ತಿಕ ಕಳೆದ ಮೇಲೆ ಇಂಡಿಯಲ್ಲಿ ಕೂಡಿದೆವು. ಆಟ ಮುಗಿದು ಎದ್ದಾಗ ನಿಂಬೆಯವರು, ಈ ಸಲ ಎಳ್ಳ ಅಮಾವಾಸ್ಯೆಗೆ ಎಲ್ಲರೂ ನಮ್ಮ ಹೊಲಕ್ಕೆ ಬರಬೇಕು, ಚರಗ ಚೆಲ್ಲಿ ಅಲ್ಲೇ ಉಂಡು ಬನ್ನಿ ಮರದ ಕೆಳಗೆ ಆಟಕ್ಕೆ ಕೂರೋಣ ಎಂದರು. ಎಳ್ಳ ಅಮಾವಾಸ್ಯೆ ಅಂದರೆ ನಮ್ಮ ಸೀಮೆಯಲ್ಲಿ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಎಲ್ಲರೂ ಹೊಲದಲ್ಲಿ. ಭೂಮಿತಾಯಿಗೆ ಎಡೆ ಹಿಡಿದು, ಬೆಳೆಯ ಮೇಲೆ ಅನ್ನ ಚೆಲ್ಲಿ, ಆಮೇಲೆ ಗುಂಪಾಗಿ ಕೂತು ಉಣ್ಣುವುದು. ಉಂಡು ಬಂದೇನಿ ಎಂದು ಅಲ್ಲಿ ಹೇಳಲಾಗದು. ಆ ದಿನ ಹೊಲದಲ್ಲಿ ಉಣ್ಣದೆ ಎದ್ದರೆ ಹೊಲದವರಿಗೂ ಬೇಸರ, ಹೊಲಕ್ಕೂ ಬೇಸರ.

ನಾದಿನಿ ನನ್ನನ್ನು ಬಾವಿಯ ಕಡೆ ಕರೆದುಕೊಂಡು ಹೋಗಿ ತಾನು ಬರುವುದಿಲ್ಲ ಎಂದಳು. ಯಾಕೆಂದು ಕೇಳಿದೆ, ಗೊತ್ತಿದ್ದೂ.

"ಹೊಲದಾಗ ತಾಟ ಇರೂದಿಲ್ಲ ವೈನಿ. ಎಡಗೈ ಮ್ಯಾಲೆ ರೊಟ್ಟಿ ಇಟಗೊಂಡು ಬಲಗೈಲೆ ತಿಂತಾರ. ನಾ ಯಾವ ಕೈ ಮ್ಯಾಲೆ ಇಟಗೊಳ್ಳಲಿ, ಯಾವ ಕೈಲೆ ತಿನ್ನಲಿ?"

ನಿನಗೊಂದು ತಾಟು ಒಯ್ದರಾಯಿತು ಅಂದೆ. ಎಲ್ಲರ ನಡುವೆ ನನ್ನೊಬ್ಬಳ ಮುಂದೆ ತಾಟು ಇಟ್ಟರೆ ಅದು ಅಡುಗೆಮನೆಯೇ ಆಯಿತಲ್ಲ ಅಂದಳು. ಮುಂದೆ ಮೆಲ್ಲಗೆ, ಇನ್ನು ಆಟವೂ ಸಾಕು ಅನ್ನಿಸುತ್ತಿದೆ, ಎಲ್ಲರೂ ಉಣ್ಣುವಾಗ ಅಂಗಳದಲ್ಲಿ ಫೋನು ಹಿಡಿದು ನಿಂತು ನಿಂತು ಬೇಸತ್ತಿದ್ದೇನೆ ಅಂದಳು. ನನಗೆ ಹೆದರಿಕೆಯಾಯಿತು. ಒಂದೊಂದೇ ಬಾಗಿಲು ಹಾಕಿಕೊಳ್ಳುತ್ತ ಬಂದವಳು, ಇದೊಂದು ಬಾಗಿಲು ತೆರೆದಿತ್ತು. ಇದನ್ನೂ ಹಾಕಿಕೊಂಡರೆ ಮುದ್ದೇಬಿಹಾಳದ ಆ ಅಡುಗೆಮನೆಯಿಂದ ಅವಳು ಹೊರಗೆ ಬರುವುದಿಲ್ಲ. ನಾನು ಅಷ್ಟು ಚೆನ್ನಾಗಿ ಸಮಾಧಾನ ಹೇಳುವವಳಲ್ಲ. ಅಮಾವಾಸ್ಯೆಗೆ ಮುಂಚಿನ ಭಾನುವಾರ ನಮ್ಮ ಮನೆಯಲ್ಲಿ ಆಟ ಇದೆ, ಅದೊಂದಕ್ಕೆ ಬಾ, ಆಮೇಲೆ ನೋಡೋಣ ಎಂದು ಮಾತು ಅಡ್ಡಗೋಡೆಯ ಮೇಲೆ ಇಟ್ಟು ಬಂದೆ.

ಆ ಭಾನುವಾರ ಬಂದಳು. ಕೋಟೆಯ ಕೆಳಗೆ ಅಸ್ಥಿಪಂಜರಗಳು ಎದ್ದು ನಿಂತಿದ್ದವು. ನನ್ನ ಕೊಡಲಿ ಕಂಬಕ್ಕೆ ಸಿಕ್ಕಿಕೊಂಡಿತ್ತು. ಡಾಕ್ಟರ ಮಾಟ ಮುಗಿದಿತ್ತು. ಅಸ್ಥಿಪಂಜರವೊಂದು ಕಳ್ಳನ ಎದೆಯ ಮೇಲೆ ಕೂತಿತ್ತು. ಅವನನ್ನು ಉಳಿಸುವುದು ನಾದಿನಿಯ ಕೈಯಲ್ಲಿತ್ತು. ಬಲಗೈ ಕತ್ತಿಯ ದಾಳ ಉರುಳಿಸಿದಳು, ತಪ್ಪಿತು. ಎಡಗೈ ಕತ್ತಿಯದು ಉರುಳಿಸಿದಳು, ತಾಗಿತು. ಪೆಟ್ಟು ಎಷ್ಟೆಂದು ಹೇಳುವ ದಾಳದಲ್ಲಿ ನಾಲ್ಕು ಬಿತ್ತು. ಅದರ ಜೊತೆ ತೋಳಬಲ ಮೂರು ಸೇರಿದ್ದರೆ ಅಸ್ಥಿಪಂಜರ ಪುಡಿಯಾಗುತ್ತಿತ್ತು.

ನಮ್ಮವರು ಎಂದಿನಂತೆ, ಎಡಗೈ ಏಟು, ಬಲ ಇಲ್ಲ, ಎಂದರು.

ನಾದಿನಿ ದಾಳವನ್ನು ಚಾಪೆಯ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು.

"ಅಣ್ಣ, ಎಡಗೈಗೆ ಯಾಕ ಬಲ ಇಲ್ಲ?"

ಪುಸ್ತಕದಲ್ಲಿ ಹಾಗಿದೆ ಎಂದರು ಅಣ್ಣ. ನನ್ನ ಈ ಕತ್ತಿಯ ಹೆಂಗಸು ಹುಟ್ಟಾ ಎಡಚಿಯಾಗಿದ್ದರೆ ಏನು ಮಾಡುತ್ತಿದ್ದಿ ಎಂದು ಕೇಳಿದಳು ತಂಗಿ. ಎಡಚಿಯಾದರೂ ಬಲಗೈ ಬಲಗೈಯೇ, ಎಡಗೈ ಎಡಗೈಯೇ, ನಿಯಮ ಎಲ್ಲರಿಗೂ ಒಂದೇ ಎಂದರು ಇವರು. ಮನುಷ್ಯ ಒಳ್ಳೆಯವರು. ತಂಗಿಯನ್ನು ಎತ್ತಿಕೊಂಡು ಮಿರಜದ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು. ಆದರೆ ಆ ಹೊತ್ತಿಗೆ ಎದುರಿಗೆ ಕೂತವಳು ಯಾರು, ತಾನು ಏನು ಹೇಳುತ್ತಿದ್ದೇನೆ ಎಂಬುದು ಅವರ ತಲೆಗೆ ಹೋಗಿರಲಿಲ್ಲ. ನಿಂಬೆಯವರು ಸಮಾಧಾನ ಮಾಡಲೆಂದು, ನಿಂಬೆಯ ಮುಳ್ಳು ಎಡಗೈ ಬಲಗೈ ನೋಡುವುದಿಲ್ಲ, ಎರಡಕ್ಕೂ ಸಮನಾಗಿ ಚುಚ್ಚುತ್ತದೆ ಎಂದೇನೋ ಅಂದರು. ಅದು ಯಾರ ಪರ ಎಂದು ಯಾರಿಗೂ ತಿಳಿಯಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎಲ್ಲಿದೆ ತೋರಿಸಿ ಎಂದು ಪುಸ್ತಕ ಕಿತ್ತುಕೊಂಡೆ. ಅವರು ಪುಟ ತೆಗೆದುಕೊಟ್ಟರು. ಓದಿದೆ. ಇನ್ನೊಮ್ಮೆ ಓದಿದೆ. ಗಣಿತದವಳಿಗೆ ಪ್ರಶ್ನೆಯನ್ನು ಎರಡು ಸಲ ಓದುವ ರೂಢಿ. ಆ ಪುಟದಲ್ಲಿ ಎಡ ಎಂಬ ಮಾತೇ ಇರಲಿಲ್ಲ. ಬಲ ಎಂದೂ ಇರಲಿಲ್ಲ. ಒಂದು ಕೈ, ಇನ್ನೊಂದು ಕೈ, ಅಷ್ಟೇ ಇತ್ತು. ಒಂದು ಕೈಯ ಕತ್ತಿಯಿಂದ ಹೊಡೆದ ಮೇಲೆ ಇನ್ನೊಂದು ಕೈಯದರಿಂದ ಹೊಡೆಯಬಹುದು. ಆ ಎರಡನೆಯ ಏಟಿಗೆ ಬಲ ಕೂಡಿಸುವಂತಿಲ್ಲ. ಯಾವ ಕೈ ಮೊದಲು ಎತ್ತಬೇಕೆಂಬುದು ಎತ್ತುವವರಿಗೆ ಬಿಟ್ಟದ್ದು.

ಗಟ್ಟಿಯಾಗಿ ಓದಿ ಹೇಳಿದೆ. ನಮ್ಮವರು ಪುಸ್ತಕ ತೆಗೆದುಕೊಂಡು ತಾವೂ ಓದಿದರು. ಬೆರಳಿಟ್ಟು ಓದಿದರು. ಹಾಸ್ಟೆಲಿನಲ್ಲಿ ಆಟ ಕಲಿಸಿದವನು ಎಡಗೈ ಎಂದೇ ಕಲಿಸಿದ್ದನಂತೆ, ಅವನೂ ನಮ್ಮ ಕಡೆಯವನೇ. ಅಷ್ಟು ವರ್ಷ ಅಷ್ಟು ಹುಡುಗರು ಆಡಿದರು, ಒಬ್ಬರೂ ಕೇಳಿರಲಿಲ್ಲ. ಅಂಗಡಿಯ ಪಾಕೀಟನ್ನು ಎರಡೆರಡು ಸಲ ಓದುವ ಮನುಷ್ಯ ಈ ಪುಟವನ್ನು ಎಷ್ಟು ಸಲ ಓದಿರಬೇಕು. ಕಣ್ಣು ಇನ್ನೊಂದು ಕೈ ಎಂದು ಓದಿತ್ತು, ಬಾಯಿ ಎಡಗೈ ಎಂದಿತ್ತು. ನಾವು ಕೇಳಿದವರು ಹೌದೆಂದಿದ್ದೆವು. ಬೆಳಗ್ಗೆ ಸಿಡುಕಿದರೆ ಎಡಮಗ್ಗುಲಲ್ಲಿ ಎದ್ದೆಯಾ ಅನ್ನುವ ಜನ ನಾವು, ಕೆಲಸ ಕೆಟ್ಟರೆ ಎಡವಟ್ಟಾಯಿತು ಅನ್ನುವ ಜನ. ಪುಸ್ತಕ ಬರೆದವರಿಗೆ ಏನು ಗೊತ್ತು ನಮ್ಮ ಕೈ.

ಆಗ ನಮ್ಮವರು ತಂಗಿಯ ಮುಖ ನೋಡಿದರು. ಆಮೇಲೆ ದುಪ್ಪಟ್ಟದ ಮರೆಯಲ್ಲಿದ್ದ ಕೈ ನೋಡಿದರು. ಇಷ್ಟು ತಿಂಗಳು ತಾನು ಯಾರಿಗೆ ಏನು ಹೇಳಿದೆ ಎಂಬುದು ಅವರಿಗೆ ಆವಾಗ ತಾಗಿತು. ಕಣ್ಣು ತುಂಬಿದವು. ಕಥೆ ಹೇಳುವವರು ಕಣ್ಣೀರು ಹಾಕಿದರೆ ಆಟ ನಿಲ್ಲುತ್ತದೆ, ಅದಕ್ಕೆ ಎದ್ದು ಹೋಗಿ ನೀರು ಕುಡಿದು ಬಂದರು. ಬಂದು ಕೂತು ಬಹಳ ಮೆಲ್ಲಗೆ, ಯಾವ ಕೈ ಮೊದಲು ಎತ್ತುತ್ತೀಯೋ ಅದಕ್ಕೆ ಬಲ ತಂಗಿ, ನೀನೇ ಹೇಳು ಎಂದರು.

ಮುಂದಿನ ಸರದಿಗೆ ಅವಳು ಎಡಗೈ ಕತ್ತಿ ಮೊದಲು ಅಂದಳು. ದಾಳ ತಾಗಿತು, ಬಲ ಸೇರಿತು, ಅಸ್ಥಿಪಂಜರ ಪುಡಿಯಾಯಿತು. ನಿಂಬೆಯವರ ಕಳ್ಳ ಎದ್ದು ಮೈ ಕೊಡವಿಕೊಂಡ. ಲೆಕ್ಕ ನೋಡಿದರೆ ಏನೂ ಬದಲಾಗಿರಲಿಲ್ಲ. ಕೂಡಿಸುವಾಗ ಯಾವ ಅಂಕಿ ಮೊದಲು ಬಂದರೂ ಮೊತ್ತ ಒಂದೇ ಎಂದು ಮಕ್ಕಳಿಗೆ ವರ್ಷವರ್ಷ ಹೇಳಿಕೊಡುವವಳು ನಾನು. ಆ ಮಧ್ಯಾಹ್ನ ಅದು ನನಗೆ ನಿಜವೆನಿಸಲಿಲ್ಲ.

ಊಟದ ಹೊತ್ತಿಗೆ ಮಾತ್ರ ಅವಳು ಎದ್ದು ಅಂಗಳಕ್ಕೆ ಹೋದಳು. ಆಟದ ಕತ್ತಿ ಬೇರೆ, ಅನ್ನದ ತುತ್ತು ಬೇರೆ. ಹೊಲಕ್ಕೆ ಬರುತ್ತೀಯಾ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಮಾವಾಸ್ಯೆಯ ದಿನ ನಾವು ಇಂಡಿಯ ಹೊಲ ಮುಟ್ಟುವಾಗ ಬಿಸಿಲು ಏರಿತ್ತು. ಬಿಳಿಜೋಳ ಹಾಲುಗಾಳಾಗಿತ್ತು, ಕಡಲೆ ಹೂವಾಡುತ್ತಿತ್ತು. ಬದುವಿನ ಮೇಲೆ ಡಾಕ್ಟರ ಕಾರು ನಿಂತಿತ್ತು. ಬಾಗಿಲು ತೆಗೆದು ಡಾಕ್ಟರು ಇಳಿದಳು. ಆಚೆ ಕಡೆಯಿಂದ ನಾದಿನಿ ಇಳಿದಳು. ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಒಂದು ಕೈಯಲ್ಲಿ ನಿರಿಗೆ ಹಿಡಿಯಲು ಎಷ್ಟು ಹೊತ್ತು ಹಿಡಿದಿರಬೇಕು. ಬುಟ್ಟಿ ಇಳಿಸುವ ನೆಪದಲ್ಲಿ ನಾನು ಅವಳ ಪಕ್ಕದಲ್ಲೇ ಉಳಿದೆ.

ಬನ್ನಿಯ ಬುಡದಲ್ಲಿ ಕಲ್ಲುಗಳಿಗೆ ಸುಣ್ಣ ಹಚ್ಚಿ, ಸೀರೆ, ಕುಪ್ಪಸದ ಕಣ ಏರಿಸಿ ಪೂಜೆ ಮಾಡಿದರು. ನಿಂಬೆಯವರು ಕೂಗುತ್ತ ಚರಗ ಚೆಲ್ಲುತ್ತ ಹೋದರು, ಹಿಂದಿನಿಂದ ಅವರ ಮನೆಯಾಕೆ ನೀರು ಚಿಮುಕಿಸುತ್ತ ಹೋದಳು. ಒಂದು ಸುತ್ತು ಹೊಲ ತಿರುಗಿ ಬಂದ ಮೇಲೆ ಎಲ್ಲರೂ ತಾಡಪಾಲಿನ ಮೇಲೆ ದುಂಡಗೆ ಕೂತರು. ನೆಂಟರು, ಆಳುಮಕ್ಕಳು, ನೆರೆಹೊಲದವರು, ನಾವು. ನಿಂಬೆಯವರ ತಾಯಿ, ಆ ಮನೆಯ ಆಯಿ, ಕಡುಬಿನ ಬುಟ್ಟಿ ಹಿಡಿದು ಎದ್ದರು. ಮೊದಲ ಕಡುಬು ಪ್ರಸಾದ. ಆಯಿಯೇ ಕೊಡಬೇಕು, ಕೈ ಚಾಚಿ ತೆಗೆದುಕೊಳ್ಳಬೇಕು. ಆಯಿ ಕಟ್ಟುನಿಟ್ಟಿನವರು. ಹರಿವಾಣ ಯಾವ ದಿಕ್ಕಿಗೆ ತಿರುಗಬೇಕೆಂಬುದರಲ್ಲೂ ಬಿಡುವವರಲ್ಲ.

ನನಗೆ ಕೊಟ್ಟರು. ನಾದಿನಿಯ ಮುಂದೆ ಬಂದರು. ಅವಳು ಎಡಗೈ ಚಾಚಿದಳು. ಆಯಿಯ ಕೈ ಕಡುಬಿನ ಜೊತೆ ಅಲ್ಲೇ ನಿಂತಿತು. ಬಲಗೈ ಹಿಡಿಯಬೇಕು ತಂಗಿ, ಭೂಮಿತಾಯಿಯ ಪ್ರಸಾದ ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ನನ್ನ ನಾಲಿಗೆ ಒಳ್ಳೆಯದಲ್ಲ, ಏನೋ ಅನ್ನಲು ಬಾಯಿ ತೆರೆದೆ. ನಮ್ಮವರು ನನ್ನ ಮೊಣಕೈ ಹಿಡಿದರು. ನಾದಿನಿ ಕೈ ಹಿಂದೆಳೆಯಲಿಲ್ಲ. ಎದ್ದು ಹೋಗುತ್ತಾಳೆ ಎಂದೇ ನಾನು ತಿಳಿದಿದ್ದೆ. ಅವಳು ಕತ್ತೆತ್ತಿ ಆಯಿಯ ಮುಖ ನೋಡಿ, ಊರು ಕೇರಿ ಕೇಳಿದರೆ ಹೇಳುವಷ್ಟೇ ಸಲೀಸಾಗಿ ಹೇಳಿದಳು.

"ಬಲ ಇದ್ದದ್ದ ಬಲಗೈ, ಆಯಿ. ನಂದು ಇದ ಐತಿ."

ಆಯಿ ಆ ಕೈ ನೋಡಿದರು. ಸೀರೆಯ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಇನ್ನೊಂದು ಕೈಯನ್ನೂ ನೋಡಿದರು. ಅವರು ಕಣ್ಣು ಒರೆಸಿಕೊಳ್ಳಲಿಲ್ಲ, ತಲೆ ಸವರಲಿಲ್ಲ. ಗಟ್ಟಿ ಹಿಡಿ, ಹೂರಣ ಸೋರುತ್ತದೆ ಎಂದು ಗೊಣಗಿ ಕಡುಬನ್ನು ಅವಳ ಅಂಗೈಯ ಮೇಲೆ ಇಟ್ಟು ಮುಂದಿನವರ ಕಡೆ ಹೋದರು. ನಾದಿನಿ ಅದನ್ನು ಎಲ್ಲರ ಎದುರಿಗೆ ಬಾಯಿಗಿಟ್ಟುಕೊಂಡಳು. ಅಗಿದಳು. ನುಂಗಿದಳು.

ನನಗೆ ಅಳು ಬಂತು. ಅತ್ತುಬಿಟ್ಟೆ, ಮುಚ್ಚಿಕೊಳ್ಳಲೂ ಹೋಗಲಿಲ್ಲ.

ಆಮೇಲೆ ರೊಟ್ಟಿ ಬಂದವು. ಎಲ್ಲರೂ ಎಡ ಅಂಗೈ ಮುಂದೆ ಮಾಡಿದರು. ರೊಟ್ಟಿ ಬಿತ್ತು, ಅದರ ಮೇಲೆ ಪುಂಡಿಪಲ್ಲೆ, ಎಣ್ಣೆಗಾಯಿ, ಶೇಂಗಾ ಹಿಂಡಿ. ನಾದಿನಿಯ ಹತ್ತಿರ ಬಡಿಸುವವಳು ಬಂದು ರೊಟ್ಟಿ ಹಿಡಿದು ನಿಂತಳು. ಒಂದೇ ಕೈ. ಅದರ ಮೇಲೆ ರೊಟ್ಟಿ ಹಾಕಿದರೆ ತಿನ್ನುವುದು ಯಾವುದರಿಂದ. ನಾನು ತಾಟು ತಂದಿದ್ದೆ, ಚೀಲದಲ್ಲಿ ಅಡಗಿಸಿ ಇಟ್ಟಿದ್ದೆ. ಅದನ್ನು ತೆಗೆಯಲೋ ಬೇಡವೋ ಎಂದು ನಾನು ಹೊಯ್ದಾಡುತ್ತಿರುವಾಗ ನಮ್ಮವರು ನನ್ನ ಪಕ್ಕದಿಂದ ಎದ್ದು ಹೋಗಿ ತಂಗಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ತಮ್ಮ ಎಡಗೈಯನ್ನು ಅವಳ ಮುಂದೆ ಚಾಚಿದರು. ಇಲ್ಲಿ ಹಾಕು ಎಂದು ಬಡಿಸುವವಳಿಗೆ ಹೇಳಿದರು.

ಅಣ್ಣನ ಎಡ ಅಂಗೈಯ ಮೇಲಿನ ರೊಟ್ಟಿಯನ್ನು ತಂಗಿ ತನ್ನ ಎಡಗೈಯಿಂದ ಮುರಿದು, ಪಲ್ಲೆಯಲ್ಲಿ ಒತ್ತಿ ತಿಂದಳು. ಹಸಿದವಳು ತಿಂದ ಹಾಗೆ ತಿಂದಳು. ಪಕ್ಕದವರು ಮುಖ ತಿರುಗಿಸಿದರೋ ಇಲ್ಲವೋ ನಾನು ನೋಡಲಿಲ್ಲ, ಅವಳೂ ನೋಡಲಿಲ್ಲ. ನಮ್ಮವರಿಗೆ ತಮ್ಮ ಊಟದ ನೆನಪೇ ಇರಲಿಲ್ಲ. ಅಂಗೈಯನ್ನು ಎಚ್ಚರದಿಂದ ಸಮನಾಗಿ ಹಿಡಿದುಕೊಂಡು ಕೂತಿದ್ದರು, ಆದರೂ ಅವಳು ರೊಟ್ಟಿ ಮುರಿದಾಗಲೆಲ್ಲ ಅದು ಓಲುತ್ತಿತ್ತು.

"ಕೈ ಅಲಗಾಡಸಬ್ಯಾಡ ಅಣ್ಣ, ಹಿಂಡಿ ಚೆಲ್ಲತೈತಿ," ಎಂದಳು ಅವಳು. ಆ ರೊಟ್ಟಿ ಮುಗಿದ ಮೇಲೆ ಬಡಿಸುವವಳನ್ನು ತಾನೇ ಕರೆದು ಇನ್ನೊಂದು ಹಾಕಿಸಿಕೊಂಡಳು.